ತಲೆಯ ಗುಳ್ಳೆಗೆ ಸುರುಳಿ ಇಟ್ಟ ಮೇಲೆ ಮತ್ತೆ ತಪಾಸಣೆ ಯಾಕೆ?



ರಾಮಥಾಳದಲ್ಲಿ ಸ್ವಸಹಾಯ ಸಂಘದ ಸಭೆ ಮುಗಿದು ಉಳಿತಾಯದ ಪುಸ್ತಕಗಳನ್ನು ನೋಡುತ್ತಾ ಕುಳಿತಿದ್ದೆ. ಎಲ್ಲರೂ ಎದ್ದು ಹೋದರೂ ಒಬ್ಬ ತಾಯಿ ಮಾತ್ರ ಕದಲಲಿಲ್ಲ. ಅವರ ಮಗಳನ್ನು ಇಲಕಲ್ಲಿನ ನೇಕಾರರ ಮನೆಗೆ ಕೊಟ್ಟಿದ್ದಾರೆ. ಏಳು ತಿಂಗಳ ಹಿಂದೆ ಮಗ್ಗದ ಮೇಲೆ ಕುಳಿತಿದ್ದ ಮಗಳಿಗೆ ಇದ್ದಕ್ಕಿದ್ದಂತೆ ತಲೆ ಸಿಡಿದ ಹಾಗೆ ನೋವು ಬಂದು, ವಾಂತಿಯಾಗಿ, ಎಚ್ಚರ ತಪ್ಪಿತ್ತು. ಬಾಗಲಕೋಟೆಗೆ ಒಯ್ದರು, ಅಲ್ಲಿಂದ ಬೆಂಗಳೂರಿಗೆ ಕಳಿಸಿದರು. ತೊಡೆಯ ಸಂದಿನಿಂದ ಸಣ್ಣ ನಳಿಕೆ ಹಾಕಿ ತಲೆಯೊಳಗಿನ ಗುಳ್ಳೆಗೆ ತಂತಿ ಸುರುಳಿ ತುಂಬಿದರು. ಮಗಳು ಬದುಕಿದಳು. ಈಗ ಅಡುಗೆ ಮಾಡುತ್ತಾಳೆ, ಮಕ್ಕಳನ್ನು ಶಾಲೆಗೆ ಕಳಿಸುತ್ತಾಳೆ.

ಆರು ತಿಂಗಳಿಗೆ ಮತ್ತೆ ಬರಬೇಕು ಅಂತ ಡಾಕ್ಟರು ಚೀಟಿಯಲ್ಲಿ ಬರೆದಿದ್ದರು. ಆ ತಾರೀಖು ದಾಟಿ ಒಂದು ತಿಂಗಳಾಗಿದೆ. ಮನೆಯಲ್ಲಿ ಇದೇ ಜಗಳ. "ಆಕಿ ಆರಾಮ ಅದಾಳ, ಮತ್ಯಾಕ ಹೋಗೂದು ಅಂತಾನ್ರಿ ಅಳಿಯ. ಒಮ್ಮೆ ಸರಿ ಮಾಡಿದ್ದು ಸರಿನೇ ಅಲ್ಲೇನ್ರಿ ಸಿಸ್ಟರ್ರ? ಅದೇನ ಕಬ್ಬಿಣದ ತಂತಿ, ಒಳಗ ಕುಂತೈತಿ. ಅದೇನ್ ಬದಲಾಗ್ತೈತಿ?" ಎಂದು ಆ ತಾಯಿ ಕೇಳಿದರು.

ಬಹಳ ಒಳ್ಳೆಯ ಪ್ರಶ್ನೆ. ಉತ್ತರ: ಹೌದು, ಬದಲಾಗುತ್ತದೆ. ತಂತಿಯೂ ತನ್ನ ಆಕಾರ ಬದಲಿಸುತ್ತದೆ, ಗುಳ್ಳೆಯೂ ಬದಲಿಸುತ್ತದೆ, ಕೆಲವರಲ್ಲಿ ರಕ್ತನಾಳವೇ ತಿರುವು ಬದಲಿಸುತ್ತದೆ. ಹೆಚ್ಚಿನವರಲ್ಲಿ ಈ ಬದಲಾವಣೆ ಒಳ್ಳೆಯ ಕಡೆಗೇ ಹೋಗುತ್ತದೆ. ಕೆಲವರಲ್ಲಿ ಹೋಗುವುದಿಲ್ಲ. ಯಾರದು ಯಾವ ಕಡೆ ಹೊರಟಿದೆ ಎಂಬುದು ಮುಖ ನೋಡಿದರೆ ತಿಳಿಯುವುದಿಲ್ಲ, ಆರಾಮ ಇದ್ದರೂ ತಿಳಿಯುವುದಿಲ್ಲ. ಅದಕ್ಕೇ ಆ ಚೀಟಿ. ಈ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳೋಣ ಅನಿಸಿತು.

ಗುಳ್ಳೆ ಅಂದರೇನು?

ನಮ್ಮ ಕಡೆ ಎಲ್ಲದಕ್ಕೂ "ನರ" ಅನ್ನುತ್ತಾರೆ. ಇಲ್ಲಿ ಕೆಟ್ಟಿರುವುದು ನರವಲ್ಲ, ರಕ್ತ ಹರಿಯುವ ನಾಳ. ಮೆದುಳಿನ ಬುಡದಲ್ಲಿ ನಾಲ್ಕು ಕಡೆಯಿಂದ ಬರುವ ರಕ್ತನಾಳಗಳು ಕೂಡಿ ಒಂದು ಉಂಗುರದಂತೆ ಆಗುತ್ತವೆ. ಥಾಮಸ್ ವಿಲ್ಲಿಸ್ ಎಂಬ ಇಂಗ್ಲೆಂಡಿನ ವೈದ್ಯ 1664ರಲ್ಲಿ ಇದನ್ನು ವಿವರಿಸಿದ್ದರಿಂದ ವಿಲ್ಲಿಸ್ ಉಂಗುರ ಎಂದು ಕರೆಯುತ್ತಾರೆ. ಕೂಡಲಸಂಗಮದಲ್ಲಿ ಕೃಷ್ಣೆ, ಮಲಪ್ರಭೆ ಎರಡು ಬಂದು ಒಂದಾಗುತ್ತವೆ. ತಲೆಯೊಳಗೆ ಹೆಚ್ಚಾಗಿ ಇದರ ಉಲ್ಟಾ, ಒಂದು ನಾಳ ಎರಡಾಗಿ ಕವಲೊಡೆಯುತ್ತದೆ. ಕವಲಿನ ಮೂಲೆಗೆ ರಕ್ತ ನೇರವಾಗಿ ಬಂದು ಬಡಿಯುತ್ತದೆ. ಒಂದು ದಿನಕ್ಕೆ ಹೃದಯ ಸುಮಾರು 1 ಲಕ್ಷ ಸಲ ಬಡಿಯುತ್ತದೆ, ಅಂದರೆ ಆ ಮೂಲೆಗೆ ದಿನಕ್ಕೆ 1 ಲಕ್ಷ ಪೆಟ್ಟು.

ರಾಮಥಾಳದವರಿಗೆ ಹನಿ ನೀರಾವರಿಯ ಪೈಪು ಹೊಸದಲ್ಲ. ಬಿಸಿಲಿಗೆ ಮೆತ್ತಗಾದ ಜಾಗದಲ್ಲಿ ನೀರಿನ ಒತ್ತಡ ಬಿದ್ದರೆ ಪೈಪು ಒಂದು ಕಡೆ ಬಲೂನಿನಂತೆ ಉಬ್ಬುವುದನ್ನು ನೀವು ನೋಡಿರಬಹುದು. ರಕ್ತನಾಳದ ಗೋಡೆ ಒಂದು ಕಡೆ ತೆಳುವಾದರೆ ಅದೂ ಹಾಗೆಯೇ ಉಬ್ಬುತ್ತದೆ. ಅದಕ್ಕೆ ಡಾಕ್ಟರರು ಅನ್ಯೂರಿಸಂ ಅನ್ನುತ್ತಾರೆ. ಗುಳ್ಳೆಗೆ ಒಂದು ಹೊಟ್ಟೆ, ಒಂದು ಕುತ್ತಿಗೆ ಇರುತ್ತದೆ. ಕುತ್ತಿಗೆ ಅಂದರೆ ನಾಳದಿಂದ ಗುಳ್ಳೆಯೊಳಗೆ ರಕ್ತ ಹೋಗುವ ಬಾಯಿ. ಈ ಕುತ್ತಿಗೆಯ ಮಾತು ಮುಂದೆ ಮತ್ತೆ ಮತ್ತೆ ಬರುತ್ತದೆ, ನೆನಪಿಡಿ.

ದೊಡ್ಡವರಲ್ಲಿ 100ಕ್ಕೆ ಸುಮಾರು 3 ಜನರಿಗೆ ಇಂಥ ಗುಳ್ಳೆ ಇರಬಹುದು ಎಂದು ಅಂದಾಜು. ಗಾಬರಿ ಬೇಡ, ಬಹಳಷ್ಟು ಜನರಲ್ಲಿ ಅದು ಜೀವಮಾನವಿಡೀ ಒಡೆಯುವುದಿಲ್ಲ, ಗೊತ್ತೂ ಆಗುವುದಿಲ್ಲ. ಹೆಂಗಸರಲ್ಲಿ ಸ್ವಲ್ಪ ಹೆಚ್ಚು. ಬಿ.ಪಿ. ಇದ್ದವರು, ಬೀಡಿ ಸಿಗರೇಟು ಸೇದುವವರು, ಒಂದೇ ಮನೆತನದಲ್ಲಿ ಇಬ್ಬರಿಗೆ ಮೂವರಿಗೆ ಹೀಗೆ ಆಗಿರುವವರು ಜಾಗ್ರತೆಯಿಂದ ಇರಬೇಕು.

ಒಡೆದಾಗ ಬರುವ ತಲೆನೋವು ದಿನನಿತ್ಯದ ತಲೆನೋವಿನಂತೆ ಇರುವುದಿಲ್ಲ. "ಸಿಡಿಲು ಬಡದಂಗ ಆತ್ರಿ" ಅಂತ ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಕೆಲವೇ ಸೆಕೆಂಡುಗಳಲ್ಲಿ ತಾರಕಕ್ಕೆ ಏರುತ್ತದೆ, ಹುಟ್ಟಿದಾಗಿನಿಂದ ಇಂಥ ನೋವು ಕಂಡಿಲ್ಲ ಅನ್ನುತ್ತಾರೆ. ವಾಂತಿ, ಕುತ್ತಿಗೆ ಬಿಗಿತ, ಕಣ್ಣಿನ ರೆಪ್ಪೆ ಜೋಲುವುದು, ಎಚ್ಚರ ತಪ್ಪುವುದು ಕೂಡ ಇರಬಹುದು. ಇದಕ್ಕೆ ಗಾಳಿ ಸೋಕಿದೆ ಎಂದು ಅಂತ್ರ ಕಟ್ಟಿಸುತ್ತಾ ಕೂಡಬಾರದು, ನೋವಿನ ಮಾತ್ರೆ ನುಂಗಿಸಿ ಮಲಗಿಸಬಾರದು. ತಕ್ಷಣ 108ಕ್ಕೆ ಕರೆ ಮಾಡಿ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಒಯ್ಯಬೇಕು. ಒಮ್ಮೆ ಒಡೆದದ್ದು ಎರಡನೇ ಸಲ ಒಡೆಯುವ ಭಯ ಹೆಚ್ಚು ಇರುವುದು ಮೊದಲ 24 ಗಂಟೆಯಲ್ಲೇ.

ಕ್ಲಿಪ್ಪಿನಿಂದ ಸುರುಳಿಗೆ

ಚಿಕಿತ್ಸೆಯ ಕಥೆ ತೀರಾ ಹಳೆಯದಲ್ಲ. 1937ರಲ್ಲಿ ಅಮೆರಿಕದ ವಾಲ್ಟರ್ ಡ್ಯಾಂಡಿ ಎಂಬ ಶಸ್ತ್ರವೈದ್ಯ ತಲೆಬುರುಡೆ ತೆರೆದು ಗುಳ್ಳೆಯ ಕುತ್ತಿಗೆಗೆ ಬೆಳ್ಳಿಯ ಕ್ಲಿಪ್ ಹಾಕಿದರು. ಒಣಗಹಾಕಿದ ಬಟ್ಟೆಗೆ ನಾವು ಚಿಮಟಿ ಹಾಕುವ ಹಾಗೆ. ಈಗಲೂ ಕ್ಲಿಪ್ ಹಾಕುತ್ತಾರೆ, ಕೆಲವು ಗುಳ್ಳೆಗಳಿಗೆ ಅದೇ ಸರಿಯಾದದ್ದು. ಕ್ಲಿಪ್ ಸರಿಯಾಗಿ ಕೂತರೆ ಆಮೇಲೆ ಹೆಚ್ಚು ಬದಲಾಗುವುದಿಲ್ಲ.

1990ರಲ್ಲಿ ಇಟಲಿಯ ಡಾ. ಗ್ವಿಡೊ ಗುಲ್ಯೆಲ್ಮಿ ಅವರು ಲಾಸ್ ಏಂಜಲೀಸ್‌ನಲ್ಲಿ ಬೇರೆ ದಾರಿ ಹಿಡಿದರು. ತಲೆ ತೆರೆಯುವ ಬದಲು ರಕ್ತನಾಳದ ಒಳಗಿನಿಂದಲೇ ನಳಿಕೆ ತೂರಿಸಿ, ಕೂದಲಿನಂಥ ತೆಳುವಾದ ಪ್ಲಾಟಿನಂ ತಂತಿಯ ಸುರುಳಿಯನ್ನು ಗುಳ್ಳೆಯೊಳಗೆ ಇಟ್ಟು, ಸಣ್ಣ ವಿದ್ಯುತ್ ಹಾಯಿಸಿ ಅದನ್ನು ಬಿಡಿಸುವುದು. ನಮ್ಮ ಇಲಕಲ್ಲಿನ ಹುಡುಗಿಗೆ ಮಾಡಿದ್ದು ಇದೇ ಬಗೆಯದು. ಅಳಿಯ ಅಂದುಕೊಂಡ ಹಾಗೆ ಅದು ಕಬ್ಬಿಣವಲ್ಲ, ತುಕ್ಕು ಹಿಡಿಯುವುದಿಲ್ಲ.

ಕ್ಲಿಪ್ ಒಳ್ಳೆಯದೋ ಸುರುಳಿ ಒಳ್ಳೆಯದೋ ಎಂಬ ವಾದಕ್ಕೆ 2002ರಲ್ಲಿ ಒಂದು ದೊಡ್ಡ ಅಧ್ಯಯನದ ಫಲಿತಾಂಶ ಬಂತು. ಗುಳ್ಳೆ ಒಡೆದು ಬಂದಿದ್ದ, ಎರಡೂ ಚಿಕಿತ್ಸೆಗೆ ಸೂಕ್ತರಾಗಿದ್ದ 2143 ರೋಗಿಗಳನ್ನು ಎರಡು ಗುಂಪು ಮಾಡಿದ್ದರು. ಒಂದು ವರ್ಷದ ನಂತರ ತೀರಿಕೊಂಡವರು ಅಥವಾ ಬೇರೆಯವರ ಆಸರೆಯಲ್ಲೇ ಬದುಕಬೇಕಾದವರು ಕ್ಲಿಪ್ ಗುಂಪಿನಲ್ಲಿ 100ಕ್ಕೆ ಸುಮಾರು 31, ಸುರುಳಿ ಗುಂಪಿನಲ್ಲಿ ಸುಮಾರು 24. ಅಲ್ಲಿಂದ ಸುರುಳಿಯ ಬಳಕೆ ಎಲ್ಲ ಕಡೆ ಹೆಚ್ಚಾಯಿತು. ಆದರೆ ಸುರುಳಿಗೆ ಒಂದು ಸಾಲ ಇದೆ. ಅದು ಕ್ಲಿಪ್ಪಿನಷ್ಟು ಗಟ್ಟಿಯಾಗಿ ಕೂಡುವುದಿಲ್ಲ, ಆಮೇಲೆ ನೋಡಿಕೊಳ್ಳುತ್ತಿರಬೇಕು.

ಸುರುಳಿ ಹೇಗೆ ಕುಗ್ಗುತ್ತದೆ?

ಇಲ್ಲಿ ಒಂದು ತಪ್ಪು ತಿಳುವಳಿಕೆ ಇದೆ. ಸುರುಳಿ ಇಟ್ಟರೆ ಗುಳ್ಳೆ ಪೂರ್ತಿ ತಂತಿಯಿಂದ ತುಂಬಿಹೋಯಿತು ಅಂದುಕೊಳ್ಳುತ್ತೇವೆ. ನಾನೂ ಹಾಗೇ ಅಂದುಕೊಂಡಿದ್ದೆ. ಎಷ್ಟೇ ಜಾಣ ಡಾಕ್ಟರ್ ಆದರೂ ಗುಳ್ಳೆಯ ಜಾಗದಲ್ಲಿ ಸಾಮಾನ್ಯವಾಗಿ ನಾಲ್ಕನೇ ಒಂದು ಭಾಗದಷ್ಟು, ಕೆಲವೊಮ್ಮೆ ಮೂರನೇ ಒಂದು ಭಾಗದಷ್ಟು ಮಾತ್ರ ತಂತಿ ಇರುತ್ತದೆ. ಉಳಿದದ್ದು ತಂತಿಗಳ ಸಂದಿಯಲ್ಲಿ ಹೆಪ್ಪುಗಟ್ಟಿದ ರಕ್ತ. ತಂತಿ ಮಾಡುವ ಕೆಲಸ ಅಂದರೆ ರಕ್ತದ ಓಟ ನಿಲ್ಲಿಸಿ ಹೆಪ್ಪುಗಟ್ಟಿಸುವುದು. ಆ ಹೆಪ್ಪು ತಿಂಗಳುಗಟ್ಟಲೆ ನಿಧಾನವಾಗಿ ಗಾಯದ ಕಲೆಯಂತೆ ಗಟ್ಟಿ ಮಾಂಸವಾಗಬೇಕು, ಕುತ್ತಿಗೆಯ ಮೇಲೆ ತೆಳುವಾದ ಪೊರೆ ಬೆಳೆದು ಬಾಯಿ ಮುಚ್ಚಬೇಕು. ಅಷ್ಟಾದರೆ ಮಾಯ್ದಂತೆ.

ಅದು ಮಾಯುವವರೆಗೂ ಆ ದಿನಕ್ಕೆ 1 ಲಕ್ಷ ಪೆಟ್ಟು ನಿಲ್ಲುವುದಿಲ್ಲವಲ್ಲ. ಹೊಸ ಹತ್ತಿ ತುಂಬಿದ ಗಾದಿ ಮೊದಲು ಉಬ್ಬಿ ಕೂತಿರುತ್ತದೆ. ದಿನಾ ಅದೇ ಜಾಗದಲ್ಲಿ ಮಲಗಿದರೆ ವರ್ಷದೊಳಗೆ ಅಲ್ಲಿ ತಗ್ಗು ಬೀಳುತ್ತದೆ. ಹತ್ತಿ ಎಲ್ಲಿಯೂ ಹೋಗಿಲ್ಲ, ಒತ್ತಿಕೊಂಡಿದೆ. ಸುರುಳಿಯೂ ಹಾಗೆಯೇ ರಕ್ತದ ಹೊಡೆತಕ್ಕೆ ಗುಳ್ಳೆಯ ತುದಿಯ ಕಡೆ ಒತ್ತಿಕೊಳ್ಳುತ್ತದೆ. ಕುತ್ತಿಗೆಯ ಹತ್ತಿರ ಜಾಗ ಖಾಲಿ ಬೀಳುತ್ತದೆ, ರಕ್ತ ಮತ್ತೆ ಒಳಗೆ ನುಗ್ಗುತ್ತದೆ. ಇನ್ನು ಕೆಲವರಲ್ಲಿ ಸುರುಳಿ ಇದ್ದ ಹಾಗೇ ಇದ್ದು ಗುಳ್ಳೆಯೇ ಬೆಳೆಯುತ್ತದೆ. ಎರಡರ ಪರಿಣಾಮ ಒಂದೇ, ಮುಚ್ಚಿದ ಬಾಯಿ ಮತ್ತೆ ತೆರೆಯುತ್ತದೆ.

ಕೆನಡಾದ ಮಾಂಟ್ರಿಯಲ್‌ನ ಡಾ. ರೇಮಂಡ್ ಅವರ ತಂಡ 2003ರಲ್ಲಿ ತಮ್ಮ ರೋಗಿಗಳ ಲೆಕ್ಕ ಪ್ರಕಟಿಸಿತು. ಮರುತಪಾಸಣೆಗೆ ಬಂದವರಲ್ಲಿ ಸುಮಾರು ಮೂರನೇ ಒಂದು ಭಾಗದ ಗುಳ್ಳೆಗಳಲ್ಲಿ ಅಷ್ಟೋ ಇಷ್ಟೋ ಮತ್ತೆ ತೆರೆದಿತ್ತು. ಸುಮಾರು ಐದನೇ ಒಂದು ಭಾಗದಲ್ಲಿ ಅದು ದೊಡ್ಡ ಮಟ್ಟದ್ದು. ಕಂಡುಬಂದದ್ದು ಸರಾಸರಿ ಒಂದು ವರ್ಷದ ಹೊತ್ತಿಗೆ. ದೊಡ್ಡ ಗುಳ್ಳೆ, ಅಗಲ ಕುತ್ತಿಗೆ, ಮೊದಲ ಸಲವೇ ಪೂರ್ತಿ ತುಂಬದೇ ಉಳಿದದ್ದು, ಇಂಥವುಗಳಲ್ಲಿ ಹೆಚ್ಚು. ಅವತ್ತಿನಿಂದ ಸುರುಳಿಗಳು, ಜೊತೆಗೆ ಹಾಕುವ ಬಲೂನು ಮತ್ತು ಸ್ಟೆಂಟುಗಳು ಸುಧಾರಿಸಿವೆ. ಆದರೂ ಮತ್ತೆ ತೆರೆಯುವುದು ಪೂರ್ತಿ ನಿಂತಿಲ್ಲ.

ಇದನ್ನು ಓದಿ ಯಾರೂ ನಿದ್ದೆ ಬಿಡಬೇಡಿ. ತೆರೆಯುವುದು ಬೇರೆ, ಒಡೆಯುವುದು ಬೇರೆ. ಮೇಲೆ ಹೇಳಿದ 2143 ಜನರ ಅಧ್ಯಯನದವರನ್ನು ಸರಾಸರಿ 9 ವರ್ಷ ಹಿಂಬಾಲಿಸಿ ನೋಡಿದರು. ಸುರುಳಿ ಗುಂಪಿನ ಸಾವಿರಕ್ಕೂ ಹೆಚ್ಚು ಜನರಲ್ಲಿ, ಮೊದಲ ವರ್ಷ ದಾಟಿದ ಮೇಲೆ ಅದೇ ಗುಳ್ಳೆ ಮತ್ತೆ ಒಡೆದದ್ದು 10 ಜನರಿಗೆ. ಕಡಿಮೆಯೇ. ಆದರೆ ಆ ಕಡಿಮೆ ಬಂದದ್ದು ಸುಮ್ಮನೆ ಅಲ್ಲ. ಆ ಗುಂಪಿನವರು ತಪಾಸಣೆಗೆ ಬರುತ್ತಿದ್ದರು, ತೆರೆದದ್ದು ಕಂಡರೆ ಮತ್ತೆ ಚಿಕಿತ್ಸೆ ಕೊಡುತ್ತಿದ್ದರು.

ಜಾಲರಿ ನೇಯ್ದ ಕೊಳವೆ

ಇಲಕಲ್ಲಿನವರಿಗೆ ಇದು ಬೇಗ ಅರ್ಥವಾಗುತ್ತದೆ. ಕುತ್ತಿಗೆ ಬಹಳ ಅಗಲವಿದ್ದರೆ ಸುರುಳಿ ನಿಲ್ಲುವುದಿಲ್ಲ, ನಾಳದೊಳಗೆ ಜಾರುತ್ತದೆ. ಅಂಥ ಗುಳ್ಳೆಗೆ ಫ್ಲೋ ಡೈವರ್ಟರ್ ಎಂಬ ಸಾಧನ ಬಂದಿದೆ. ಅಮೆರಿಕದಲ್ಲಿ 2011ರಲ್ಲಿ ಮೊದಲು ಒಪ್ಪಿಗೆ ಪಡೆದದ್ದರ ಹೆಸರು ಪೈಪ್‌ಲೈನ್. 48 ಎಳೆ ಲೋಹದ ತಂತಿಯನ್ನು ಹೆಣೆದು ಮಾಡಿದ ಸಣ್ಣ ಕೊಳವೆ ಅದು. ಎಳೆ ಎಷ್ಟು ದಟ್ಟವಿರಬೇಕು, ಎಷ್ಟು ಸಡಿಲ ಬಿಡಬೇಕು ಎಂಬುದರ ಮೇಲೇ ಅದರ ಕೆಲಸ ನಿಂತಿದೆ, ಸೀರೆಯ ಪೋತು ಇದ್ದಂತೆ. ಇದನ್ನು ಗುಳ್ಳೆಯೊಳಗೆ ಇಡುವುದಿಲ್ಲ. ಮೂಲ ನಾಳದೊಳಗೆ, ಗುಳ್ಳೆಯ ಬಾಯಿಗೆ ಅಡ್ಡವಾಗಿ ಹಾಸುತ್ತಾರೆ. ರಕ್ತ ಜಾಲರಿಯ ಒಳಗಿನಿಂದ ಸೀದಾ ಮುಂದೆ ಹೋಗುತ್ತದೆ. ಗುಳ್ಳೆಯೊಳಗೆ ಹೋಗುವ ಓಟ ಮಂದವಾಗುತ್ತದೆ. ಮಂದವಾದ ರಕ್ತ ಹೆಪ್ಪುಗಟ್ಟುತ್ತದೆ. ಜಾಲರಿಯ ಮೇಲೆ ನಾಳದ ಒಳಪೊರೆ ಹಬ್ಬಿ ಹೊಸ ಗೋಡೆಯೇ ಆಗುತ್ತದೆ.

ಈ ಚಿಕಿತ್ಸೆಯ ವಿಶೇಷ ಏನೆಂದರೆ, ಆಪರೇಶನ್ ಟೇಬಲ್ ಮೇಲಿಂದ ಇಳಿದಾಗ ಗುಳ್ಳೆ ಹೆಚ್ಚಾಗಿ ಇನ್ನೂ ತೆರೆದೇ ಇರುತ್ತದೆ. ಮುಚ್ಚುವುದು ಆಮೇಲೆ. ದೊಡ್ಡ ಗುಳ್ಳೆಗಳಿಗೆ ಪೈಪ್‌ಲೈನ್ ಹಾಕಿದವರ ಅಧ್ಯಯನದಲ್ಲಿ ಆರು ತಿಂಗಳಿಗೆ 100ಕ್ಕೆ ಸುಮಾರು 74 ಗುಳ್ಳೆಗಳು ಪೂರ್ತಿ ಮುಚ್ಚಿದ್ದವು, ಒಂದು ವರ್ಷಕ್ಕೆ ಸುಮಾರು 87, ಐದು ವರ್ಷಕ್ಕೆ 95. ಅಂದರೆ ಕಾಲ ಹೋದಂತೆ ಒಳ್ಳೆಯದಾಗುತ್ತದೆ. ಸುರುಳಿಯ ದಾರಿಗೆ ಇದು ಉಲ್ಟಾ ನೋಡಿ. ಅಲ್ಲಿ ಮೊದಲು ತುಂಬಿದ್ದು ಆಮೇಲೆ ಸಡಿಲವಾಗುವ ಭಯ, ಇಲ್ಲಿ ಮೊದಲು ತೆರೆದದ್ದು ಆಮೇಲೆ ಮುಚ್ಚುವ ಭರವಸೆ.

ಮುಚ್ಚಿದ ಗುಳ್ಳೆ ಒಣದ್ರಾಕ್ಷಿಯಂತೆ ಮುದುಡುತ್ತದೆ. ಕಣ್ಣಿನ ನರದ ಮೇಲೆ ಒತ್ತಿಕೊಂಡು ರೆಪ್ಪೆ ಇಳಿದಿದ್ದರೆ, ಎರಡೆರಡು ಕಾಣುತ್ತಿದ್ದರೆ, ಗುಳ್ಳೆ ಕುಗ್ಗಿದಂತೆ ಬಹಳ ಜನರಿಗೆ ಅದು ಸುಧಾರಿಸುತ್ತದೆ. ಆದರೆ ಕುಗ್ಗುವ ಮೊದಲು ಕೆಲವರಲ್ಲಿ ಗುಳ್ಳೆ ಸ್ವಲ್ಪ ಊದಿಕೊಂಡು ತಲೆನೋವು ಹೆಚ್ಚಾಗುವುದೂ ಉಂಟು. ಬಹಳ ದೊಡ್ಡ ಗುಳ್ಳೆಗಳಲ್ಲಿ ಅಪರೂಪಕ್ಕೆ ಈ ಹಂತದಲ್ಲಿ ಒಡೆದದ್ದೂ ಇದೆ. ಹಾಗಾಗಿ "ಇದು ಮಾಯಾಕತ್ತೈತಿ" ಎಂದು ನಾವೇ ತೀರ್ಮಾನಿಸದೆ ಹೊಸ ನೋವು ಬಂದರೆ ಚಿಕಿತ್ಸೆ ಮಾಡಿದ ಆಸ್ಪತ್ರೆಗೆ ಫೋನು ಮಾಡಬೇಕು.

ಜಾಲರಿಯೂ ಇಟ್ಟಲ್ಲಿ ಇಟ್ಟ ಹಾಗೇ ಇರುವುದಿಲ್ಲ. ಅದರ ತುದಿ ಸ್ವಲ್ಪ ಕಿರಿದಾಗಬಹುದು, ಉದ್ದ ಕಡಿಮೆಯಾಗಬಹುದು, ಬಾಗಿದ್ದ ನಾಳ ತುಸು ನೇರವಾಗಬಹುದು. ಒಳಗೆ ರಕ್ತ ಹೆಪ್ಪುಗಟ್ಟಿ ನಾಳವೇ ಕಟ್ಟಿಕೊಂಡರೆ ಲಕ್ವಾ ಹೊಡೆಯುತ್ತದೆ. ಅದಕ್ಕೇ ರಕ್ತ ತೆಳುವಾಗಿಸುವ ಎರಡು ಮಾತ್ರೆ ಕೊಡುತ್ತಾರೆ, ಹೆಚ್ಚಾಗಿ ಆಸ್ಪಿರಿನ್ ಮತ್ತು ಕ್ಲೋಪಿಡೊಗ್ರೆಲ್. ಎರಡನೆಯದನ್ನು ತಿಂಗಳುಗಟ್ಟಲೆ, ಆಸ್ಪಿರಿನ್ ಅನ್ನು ಅದಕ್ಕಿಂತ ಹೆಚ್ಚು ಕಾಲ. ಯಾವಾಗ ನಿಲ್ಲಿಸಬೇಕೆಂಬುದನ್ನು ಮರುತಪಾಸಣೆಯ ಚಿತ್ರ ನೋಡಿಯೇ ಡಾಕ್ಟರು ಹೇಳುತ್ತಾರೆ.

ಇಲ್ಲಿ ನನ್ನ ತಪ್ಪೊಂದನ್ನು ಹೇಳಲೇಬೇಕು. ಕೆಲವು ವರ್ಷಗಳ ಹಿಂದೆ ಒಬ್ಬ ಹಿರಿಯರು ಹಲ್ಲು ಕೀಳಿಸಲು ಹೊರಟಿದ್ದರು. ಅವರ ತಲೆಯಲ್ಲಿ ಇಂಥ ಜಾಲರಿ ಇತ್ತು. ರಕ್ತ ನಿಲ್ಲುವುದಿಲ್ಲ ಎಂದು ಹಲ್ಲಿನ ಡಾಕ್ಟರು ಮಾತ್ರೆ ಬಿಡಲು ಹೇಳಿದ್ದರಂತೆ, "ಬಿಡ್ಲ್ಯಾ ಸಿಸ್ಟರ್?" ಎಂದು ನನ್ನನ್ನು ಕೇಳಿದರು. ಡಾಕ್ಟರೇ ಹೇಳಿದ್ದಾರಲ್ಲ ಎಂದು ನಾನೂ ಹೂಂ ಅಂದೆ. ಐದನೇ ದಿನ ಅವರ ಬಲಗೈ ಎತ್ತಲು ಬರಲಿಲ್ಲ, ಮಾತು ತೊದಲಿತು. ಬೇಗ ಆಸ್ಪತ್ರೆಗೆ ಸೇರಿಸಿದ್ದರಿಂದ ಬಹಳಷ್ಟು ಸುಧಾರಿಸಿದರು, ಪೂರ್ತಿ ಅಲ್ಲ. ತಲೆಗೆ ಚಿಕಿತ್ಸೆ ಮಾಡಿದವರನ್ನು ಒಂದು ಮಾತು ಕೇಳೋಣ ಎಂದು ನಾನು ಅನ್ನಬೇಕಿತ್ತು. ಹತ್ತು ರೂಪಾಯಿ ಫೋನಿನ ಖರ್ಚು. ಅಂದಿನಿಂದ ನಮ್ಮ ಕಾರ್ಯಕರ್ತೆಯರಿಗೆ ಇದೊಂದನ್ನು ಮಾತ್ರ ಗಟ್ಟಿಯಾಗಿ ಹೇಳಿದ್ದೇನೆ: ಹಲ್ಲಿಗಾಗಲಿ, ಹೆರಿಗೆಗಾಗಲಿ, ಉಪವಾಸಕ್ಕಾಗಲಿ, ಮಾತ್ರೆ ಖಾಲಿಯಾಯಿತು ಎಂದಾಗಲಿ ಯಾರೂ ತಾವಾಗಿಯೇ ಈ ಮಾತ್ರೆ ಬಿಡಬಾರದು, ಬಿಡಿ ಎಂದು ನಾವೂ ಹೇಳಬಾರದು.

ಬುಟ್ಟಿಯಂಥ ಸಾಧನ

ಮೂರನೆಯದು ವೆಬ್ ಎಂಬ ಸಾಧನ. ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 2018ರ ಕೊನೆಗೆ, ಯೂರೋಪಿನಲ್ಲಿ ಅದಕ್ಕೂ ಮೊದಲು. ತೆಳುವಾದ ತಂತಿಯಿಂದ ಹೆಣೆದ ಪುಟ್ಟ ಬುಟ್ಟಿ. ಕವಲಿನ ಮೂಲೆಯಲ್ಲಿರುವ, ಬಾಯಿ ಅಗಲವಾದ ಗುಳ್ಳೆಯೊಳಗೆ ಇದನ್ನು ಕೂರಿಸುತ್ತಾರೆ. ಬುಟ್ಟಿಯ ತಳ ಗುಳ್ಳೆಯ ಬಾಯಿ ಮುಚ್ಚುತ್ತದೆ. ನಾಳದೊಳಗೆ ಏನೂ ಉಳಿಯದ ಕಾರಣ ಹೆಚ್ಚಾಗಿ ಎರಡೆರಡು ಮಾತ್ರೆ ಬಹಳ ದಿನ ಬೇಕಾಗುವುದಿಲ್ಲ. ಗುಳ್ಳೆ ಒಡೆದು ಬಂದವರಿಗೆ ಇದು ದೊಡ್ಡ ಅನುಕೂಲ.

ಆಕಾರ ಬದಲಾವಣೆಯ ಬಗ್ಗೆ ಡಾಕ್ಟರರೊಳಗೇ ಹೆಚ್ಚು ಚರ್ಚೆ ನಡೆದಿರುವುದು ಈ ಬುಟ್ಟಿಯ ವಿಷಯದಲ್ಲಿ. ಇಟ್ಟಾಗ ದುಂಡಗೆ, ಎತ್ತರಕ್ಕೆ ಇದ್ದ ಬುಟ್ಟಿ ಕೆಲವು ತಿಂಗಳ ನಂತರ ತೆಗೆದ ಚಿತ್ರದಲ್ಲಿ ಬಹಳ ಜನರಲ್ಲಿ ಗಿಡ್ಡಾಗಿ, ಚಪ್ಪಟೆಯಾಗಿ ಕಾಣುತ್ತದೆ. ಮೇಲೆ ಕೆಳಗೆ ಎರಡೂ ಬದಿ ಒಳಕ್ಕೆ ತಗ್ಗಾಗಿರುತ್ತದೆ. ಯಾಕೆ ಹೀಗೆ? ಒಂದು ವಾದ, ಸುರುಳಿಯಂತೆಯೇ ರಕ್ತದ ಹೊಡೆತಕ್ಕೆ ಅದು ಒತ್ತಿಕೊಂಡಿದೆ. ಇನ್ನೊಂದು ವಾದ, ಒಳಗಿನ ಹೆಪ್ಪು ಮಾಯುತ್ತಾ ಮುದುಡುವಾಗ ಬುಟ್ಟಿಯನ್ನೂ ಒಳಕ್ಕೆ ಎಳೆದುಕೊಂಡಿದೆ. ಸುಟ್ಟ ಗಾಯ ಮಾಯುವಾಗ ಚರ್ಮ ಹೇಗೆ ಬಿಗಿದುಕೊಳ್ಳುತ್ತದೋ ಹಾಗೆ. ಮೊದಲನೆಯದಾದರೆ ಚಿಂತೆ, ಎರಡನೆಯದಾದರೆ ಸಂತೋಷ. ಎರಡೂ ಇರಬಹುದು ಎಂದೇ ನನಗೆ ಅನಿಸುತ್ತದೆ, ಒಬ್ಬರಲ್ಲಿ ಇದು, ಇನ್ನೊಬ್ಬರಲ್ಲಿ ಅದು. ಆಕಾರ ಬದಲಾದ ಮಾತ್ರಕ್ಕೆ ಗುಳ್ಳೆ ತೆರೆದಿದೆ ಎಂದಲ್ಲ. ಬದಲಾದ ಮೇಲೂ ಬಾಯಿ ಮುಚ್ಚಿಯೇ ಇರುವವರು ಬಹಳ ಜನ.

ಹಾಗಾದರೆ ಡಾಕ್ಟರಿಗೆ ಹೇಗೆ ಗೊತ್ತಾಗುತ್ತದೆ? ಒಂದೇ ಚಿತ್ರ ನೋಡಿದರೆ ಅವರಿಗೂ ಸರಿಯಾಗಿ ಗೊತ್ತಾಗುವುದಿಲ್ಲ. ಹಳೆಯ ಚಿತ್ರದ ಪಕ್ಕದಲ್ಲಿ ಹೊಸದನ್ನು ಇಟ್ಟು, ಎಷ್ಟು ಬದಲಾಗಿದೆ, ಬಾಯಿಯ ಹತ್ತಿರ ರಕ್ತ ಕಾಣುತ್ತದೆಯೇ, ಆರು ತಿಂಗಳಿನದಕ್ಕೂ ಹದಿನೆಂಟು ತಿಂಗಳಿನದಕ್ಕೂ ವ್ಯತ್ಯಾಸ ನಿಂತಿದೆಯೇ ಇನ್ನೂ ಮುಂದುವರಿದಿದೆಯೇ ಎಂದು ನೋಡಬೇಕು. ನಿಂತಿದ್ದರೆ ಬಿಡುತ್ತಾರೆ. ಮುಂದುವರಿದಿದ್ದರೆ ಇನ್ನಷ್ಟು ಸುರುಳಿ ಸೇರಿಸುವುದೋ, ಜಾಲರಿ ಹಾಸುವುದೋ, ಕ್ಲಿಪ್ಪೋ ಎಂದು ಯೋಚಿಸುತ್ತಾರೆ.

ಸಿಡಿ ಎಲ್ಲಿದೆ?

ಈ ಕಾರಣಕ್ಕೇ ಹಳೆಯ ಸಿಡಿ, ಫಿಲ್ಮು, ಡಿಸ್ಚಾರ್ಜ್ ಕಾಗದ, ಒಳಗೆ ಇಟ್ಟ ಸಾಧನದ ಹೆಸರು ನಂಬರು ಇರುವ ಕಾರ್ಡು ಇವು ಆಸ್ತಿ ಪತ್ರದಷ್ಟೇ ಮುಖ್ಯ. ನಾನು ಹೋದ ಒಂದು ಮನೆಯಲ್ಲಿ ಆ್ಯಂಜಿಯೋಗ್ರಾಂ ಸಿಡಿ ಎಲ್ಲಿದೆ ಎಂದು ಕೇಳಿದರೆ ಹುಡುಗ ಹೊಲದ ಕಡೆ ಕೈ ತೋರಿಸಿದ. ಜೋಳದ ತೆನೆಗೆ ಹಕ್ಕಿ ಬರಬಾರದೆಂದು ದಾರ ಕಟ್ಟಿ ತೂಗುಬಿಟ್ಟಿದ್ದರು! ಬಿಸಿಲಿಗೆ ಚೆನ್ನಾಗಿ ಹೊಳೆಯುತ್ತಿತ್ತು. ನಗು ಬಂತು, ಆಮೇಲೆ ಹೊಟ್ಟೆಯಲ್ಲಿ ಸಂಕಟವಾಯಿತು. ಆಸ್ಪತ್ರೆಯಲ್ಲಿ ಪ್ರತಿ ಇರಬಹುದು, ಆದರೆ ಬೇರೆ ಊರಿನ ಆಸ್ಪತ್ರೆಗೆ ಹೋದರೆ ಅದು ಕೈಗೆ ಸಿಗುವುದಿಲ್ಲ. ಆಗದಿದ್ದರೆ ಮಗನ ಮೊಬೈಲಿನಲ್ಲಾದರೂ ಎಲ್ಲ ಕಾಗದದ ಫೋಟೋ ತೆಗೆದಿಡಿ.

ತಪಾಸಣೆಯ ತಾರೀಖು ಒಬ್ಬೊಬ್ಬರಿಗೆ ಒಂದೊಂದು. ಸಾಮಾನ್ಯವಾಗಿ ಮೊದಲನೆಯದು ಆರು ತಿಂಗಳ ಆಸುಪಾಸು, ಆಮೇಲೆ ಒಂದು ಒಂದೂವರೆ ವರ್ಷಕ್ಕೆ, ನಂತರ ಕೆಲವು ವರ್ಷಕ್ಕೊಮ್ಮೆ. ಸುರುಳಿ ಇಟ್ಟವರಿಗೆ ಹೆಚ್ಚಾಗಿ ಎಂಆರ್‌ಐ ಯಂತ್ರದಲ್ಲಿ ರಕ್ತನಾಳದ ಚಿತ್ರ ತೆಗೆದರೆ ಸಾಕಾಗುತ್ತದೆ, ಸೂಜಿಯೂ ಬೇಡವಾಗಬಹುದು. ಜಾಲರಿ, ಬುಟ್ಟಿ ಇದ್ದವರಲ್ಲಿ ಲೋಹದ ನೆರಳು ಬಿದ್ದು ಎಂಆರ್‌ಐ ಚಿತ್ರ ಮಸುಕಾಗುವುದುಂಟು. ಆಗ ಮೊದಲಿನ ಹಾಗೆ ನಳಿಕೆ ಹಾಕಿ ಆ್ಯಂಜಿಯೋಗ್ರಾಂ ಮಾಡುತ್ತಾರೆ. ಅದಕ್ಕೆ ಔಷಧ ಬಿಡುವುದರಿಂದ ಕಿಡ್ನಿ ತೊಂದರೆ ಇದ್ದರೆ, ಸಕ್ಕರೆ ಕಾಯಿಲೆಯ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಬೇಕು.

"ಎಂಆರ್‌ಐ ಮಾಡಿದ್ರ ಒಳಗಿನ ತಂತಿ ಅಯಸ್ಕಾಂತ ಎಳದ್ಬಿಡ್ತೈತಂತಲ್ರಿ?" ಎಂದು ಆ ತಾಯಿ ಕೇಳಿದರು. ಪ್ಲಾಟಿನಂ ಸುರುಳಿಯನ್ನು ಅಯಸ್ಕಾಂತ ಎಳೆಯುವುದಿಲ್ಲ. ಬಹಳ ಹಳೆಯ ಕಾಲದ ಕೆಲವು ಕ್ಲಿಪ್ಪುಗಳಿಗೆ ಮಾತ್ರ ಆ ಅಪಾಯವಿತ್ತು. ಏನೇ ಇರಲಿ, ಯಂತ್ರದ ಕೋಣೆಗೆ ಹೋಗುವ ಮೊದಲು ಸಾಧನದ ಕಾರ್ಡು ತೋರಿಸುವುದು ನಮ್ಮ ಕೆಲಸ.

ಇನ್ನೊಂದು ಮಾತು. ಈ ಹೆಣ್ಣುಮಗಳು ಏಳು ತಿಂಗಳಿಂದ ಕೊಡ ಎತ್ತಿಲ್ಲ, ಮಗ್ಗದ ಮೇಲೆ ಕೂತಿಲ್ಲ. ಬಗ್ಗಿದರೆ ಸುರುಳಿ ಜಾರುತ್ತದೆ ಎಂದು ಅತ್ತೆಗೆ ಭಯ. ಕಾಳಜಿಯಿಂದಲೇ ಹೇಳಿದ್ದು, ತಪ್ಪಲ್ಲ. ಆದರೆ ಕೊಡ ಎತ್ತಿದ ಮಾತ್ರಕ್ಕೆ ಸುರುಳಿ ಜಾರುವುದಿಲ್ಲ. ಕೆಲಸಕ್ಕೆ ಯಾವಾಗ ಮರಳಬಹುದು ಎಂದು ತಪಾಸಣೆಯ ದಿನವೇ ಡಾಕ್ಟರನ್ನು ಬಾಯಿಬಿಟ್ಟು ಕೇಳಬೇಕು. ಕೇಳದೇ ಇದ್ದರೆ ಮನೆಯ ಒಂದು ಮಗ್ಗದ ಕೂಲಿ ವರ್ಷವಿಡೀ ಹೋಗುತ್ತದೆ, ಜೊತೆಗೆ ಆಕೆಯ ಮನಸ್ಸೂ ಕುಗ್ಗುತ್ತದೆ. ಒಡೆದ ಗುಳ್ಳೆಯಿಂದ ಬದುಕಿ ಬಂದವರಲ್ಲಿ ಮರೆವು, ಸುಸ್ತು, ಸಣ್ಣದಕ್ಕೆ ಸಿಟ್ಟು ಬರುವುದು ಬಹಳ ದಿನ ಇರುತ್ತದೆ. ಅದು ಸೋಮಾರಿತನವಲ್ಲ, ಕಾಯಿಲೆಯ ಉಳಿಕೆ.

ಗುಳ್ಳೆಯ ಆಕಾರದಲ್ಲಿ ನಮ್ಮ ಕೈಯಲ್ಲಿರುವುದು ಕಡಿಮೆ, ಆದರೆ ಸ್ವಲ್ಪ ಇದೆ. ಬಿ.ಪಿ. ಮಾತ್ರೆ ಬಿಡದೆ ನುಂಗುವುದು, ಉಪ್ಪಿನಕಾಯಿ ಹಪ್ಪಳ ಕಡಿಮೆ ಮಾಡುವುದು, ಮನೆಯಲ್ಲಿ ಬೀಡಿ ಹೊಗೆ ಇಲ್ಲದಂತೆ ನೋಡಿಕೊಳ್ಳುವುದು. ಊರಿನ ಆಶಾ ಕಾರ್ಯಕರ್ತೆಗೆ ಹೇಳಿ ತಿಂಗಳಿಗೊಮ್ಮೆ ಬಿ.ಪಿ. ನೋಡಿಸಿಕೊಂಡು ಬರೆದಿಡಿ.

ಖರ್ಚಿನ ಮಾತು

ಕೊನೆಗೆ ಎಲ್ಲ ಜಗಳವೂ ಇಲ್ಲಿಗೇ ಬರುತ್ತದೆ. ಸಾಧನಗಳು ಲಕ್ಷಗಟ್ಟಲೆ ಬೆಲೆಯವು. ಕರ್ನಾಟಕದಲ್ಲಿ 2018ರಲ್ಲಿ ಆಯುಷ್ಮಾನ್ ಭಾರತ್ ಮತ್ತು ಆರೋಗ್ಯ ಕರ್ನಾಟಕ ಯೋಜನೆಗಳನ್ನು ಒಂದು ಮಾಡಿದರು. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ, ಎಪಿಎಲ್ ಕುಟುಂಬಕ್ಕೆ ನಿಗದಿ ದರದ 100ಕ್ಕೆ 30ರಷ್ಟು ನೆರವು. ಗುಳ್ಳೆಗೆ ಸುರುಳಿ ಇಡುವ ಚಿಕಿತ್ಸೆ ಪಟ್ಟಿಯಲ್ಲಿದೆ. ಜಾಲರಿ, ಬುಟ್ಟಿಗಳ ವಿಷಯ, ಮರುತಪಾಸಣೆಯ ಸ್ಕ್ಯಾನಿನ ವಿಷಯ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ಕೇಳಿಕೊಳ್ಳಿ, ದುಡ್ಡು ಕಟ್ಟಿದ ಮೇಲೆ ಕೇಳಿದರೆ ಉಪಯೋಗವಿಲ್ಲ. ತುರ್ತು ಇಲ್ಲದ ಚಿಕಿತ್ಸೆಗೆ ಸರಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾಗುತ್ತದೆ. ಅದನ್ನು ಮಾಡಿಸದೆ ರಾತ್ರಿ ಬಸ್ಸು ಹತ್ತಿ ಬೆಳಿಗ್ಗೆ ಬೆಂಗಳೂರಿನಲ್ಲಿ ಅಳುತ್ತಾ ನಿಂತವರನ್ನು ನಾನು ಕಂಡಿದ್ದೇನೆ.

ಬೆಂಗಳೂರಿನ ನಿಮ್ಹಾನ್ಸ್ ಹೆಸರು ನಮ್ಮ ಹಳ್ಳಿಗಳಲ್ಲಿ ಇನ್ನೂ "ಹುಚ್ಚರ ದವಾಖಾನಿ" ಎಂದೇ ಇದೆ. 1974ರಲ್ಲಿ ಅಲ್ಲಿನ ಮಾನಸಿಕ ಆಸ್ಪತ್ರೆ ಮತ್ತು ತರಬೇತಿ ಸಂಸ್ಥೆ ಎರಡೂ ಸೇರಿ ನಿಮ್ಹಾನ್ಸ್ ಆಯಿತು, ಅದರ ಹೆಸರಿನಲ್ಲೇ ನರವಿಜ್ಞಾನವೂ ಇದೆ. ಮೆದುಳಿನ ಶಸ್ತ್ರಚಿಕಿತ್ಸೆ, ನಳಿಕೆಯ ಮೂಲಕ ಮಾಡುವ ಚಿಕಿತ್ಸೆ ಎರಡಕ್ಕೂ ಅಲ್ಲಿ ವಿಭಾಗಗಳಿವೆ. ಸಮಾಜಕಾರ್ಯದ ವಿಭಾಗವೂ ಇದೆ. ಎಂ.ಎಸ್.ಡಬ್ಲ್ಯೂ. ಓದಿದ ನನ್ನಂಥವರು ಅಲ್ಲಿದ್ದಾರೆ, ಕಾಗದ ಪತ್ರದ ತೊಡಕಿದ್ದರೆ ಅವರನ್ನು ಹುಡುಕಿ ಕೇಳಲು ಸಂಕೋಚ ಬೇಡ. ಅಲ್ಲಿಗೆ ಕಳಿಸಿದರೆ "ನಮ್ಮಾಕಿಗೆ ಹುಚ್ಚ ಹಿಡದೈತೇನು" ಎಂದು ಮನೆಯವರು ಹಿಂಜರಿಯಬೇಕಾಗಿಲ್ಲ.

ಆ ತಾಯಿಯ ಅಳಿಯನನ್ನು ಮುಂದಿನ ವಾರ ಇಲಕಲ್ಲಿನ ಅವರ ಮನೆಯಲ್ಲೇ ಕಂಡೆ. ಗಾದಿಯ ತಗ್ಗಿನ ಮಾತು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. "ಮಗ್ಗದಾಗ ಒಂದ ಎಳಿ ಸಡ್ಲ ಆದ್ರ ನಮಗ ಮುಂದಿನ ಮೊಳಕ್ಕ ತಿಳೀತೈತ್ರಿ. ಇದು ಒಳಗ, ಕಾಣಂಗಿಲ್ಲ" ಅಂದ. ಮರುದಿನವೇ ರೆಫರಲ್ ಚೀಟಿ ಮಾಡಿಸಿದ. ಹದಿನೈದು ದಿನಕ್ಕೆ ಇಬ್ಬರೂ ಹೋಗಿಬಂದರು. ಚಿತ್ರದಲ್ಲಿ ಕುತ್ತಿಗೆಯ ಹತ್ತಿರ ಸುರುಳಿ ತುಸು ಒತ್ತಿಕೊಂಡಿದೆ, ಸಣ್ಣ ಜಾಗ ತೆರೆದಿದೆ. ಸದ್ಯಕ್ಕೆ ಏನೂ ಮಾಡುವುದು ಬೇಡ, ಒಂದು ವರ್ಷಕ್ಕೆ ಮತ್ತೆ ನೋಡಿ ಎರಡನ್ನೂ ಹೋಲಿಸೋಣ ಎಂದಿದ್ದಾರೆ. ದಿನಕ್ಕೆ ಎರಡು ತಾಸು ಮಗ್ಗದ ಮೇಲೆ ಕೂಡಲು ಒಪ್ಪಿಗೆ ಸಿಕ್ಕಿದೆ.

ತಲೆಯಲ್ಲಿ ಸುರುಳಿ, ಜಾಲರಿ, ಕ್ಲಿಪ್ ಇರುವವರು ನಿಮ್ಮ ಓಣಿಯಲ್ಲಿ ಇದ್ದರೆ ಮುಂದಿನ ಸಂಘದ ಸಭೆಗೆ ಅವರ ಡಿಸ್ಚಾರ್ಜ್ ಕಾಗದ ತರಲು ಹೇಳಿ. ಮುಂದಿನ ತಪಾಸಣೆಯ ತಾರೀಖು ಏನಿದೆ ಎಂದು ಕೂಡಿಯೇ ನೋಡೋಣ. ಸಿಡಿ ಹೊಲದಲ್ಲಿದ್ದರೆ ಬಿಚ್ಚಿಕೊಂಡು ಬನ್ನಿ.